ಮೊಡವೆಯೂ ಪ್ರನಾಳವೂ



ಹರೆಯದ ಮಕ್ಕಳ ಮೊಡವೆಗೆ ಮುಖದ ಕೊಳೆಯೇ ಕಾರಣವೆಂಬ ಮಾತು ಸರಿಯಲ್ಲ. ನಮ್ಮ ಚರ್ಮದಲ್ಲಿ ಸಹಜವಾಗಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಲೈಪೇಸ್ ಎಂಬ ಕಿಣ್ವವನ್ನು ಸ್ರವಿಸುತ್ತದೆ. ಆ ಕಿಣ್ವ ಚರ್ಮದ ಜಿಡ್ಡನ್ನು ಒಡೆಯುತ್ತದೆ. ಹೊರಬಿದ್ದ ಮೇದಾಮ್ಲಗಳು ಉರಿಯೂತಕ್ಕೆ ಇಂಬುಗೊಡುತ್ತವೆ.

ಪ್ರಯೋಗಶಾಲೆಯಲ್ಲಿ ಈ ಕಿಣ್ವಕ್ಕೆ, ಒಡೆದರೆ ಹಳದಿ ಬಣ್ಣ ಬಿಡುವ ವಸ್ತುವೊಂದನ್ನು ಕೊಡುತ್ತಾರೆ. ಎರಡು ಪ್ರನಾಳಗಳಲ್ಲಿ ಒಂದಕ್ಕೆ ಮಾತ್ರ ಪರೀಕ್ಷಿಸಬೇಕಾದ ದ್ರವ್ಯವನ್ನು ಸೇರಿಸುತ್ತಾರೆ. ಅದರಲ್ಲಿ ಹಳದಿ ಕಡಿಮೆಯಾದರೆ, ದ್ರವ್ಯವು ಕಿಣ್ವವನ್ನು ತಡೆಯಿತೆಂದು ಅರ್ಥ. ಅರಿಸಿನವನ್ನು ಪರೀಕ್ಷಿಸುವಾಗ ಅದರ ಸ್ವಂತ ಬಣ್ಣವನ್ನು ಕಳೆದೇ ಲೆಕ್ಕ ಹಾಕಬೇಕು.

ಆದರೆ ಪ್ರನಾಳಕ್ಕೆ ಚರ್ಮವಿಲ್ಲ. ಅಲ್ಲಿ ಗೆದ್ದ ದ್ರವ್ಯ ಮುಖದ ಮೇಲೂ ಗೆಲ್ಲಬೇಕೆಂದಿಲ್ಲ. 'ಪ್ರಯೋಗಶಾಲೆಯಲ್ಲಿ ಪರೀಕ್ಷಿತ' ಎಂಬ ಡಬ್ಬಿಯನ್ನು ಕೊಳ್ಳುವ ಮುನ್ನ, ಜನರ ಮೇಲೂ ಪರೀಕ್ಷಿಸಿದ್ದಾರೆಯೇ ಎಂದು ಕೇಳೋಣ. ಕಲೆ ಉಳಿಸುವ ಮೊಡವೆಯಾದರೆ ಚರ್ಮವೈದ್ಯರಿಗೇ ತೋರಿಸೋಣ.