ಶಾಕಪ್‌ಗೆ ನೈಟ್ರೋಜನ್: ಮನೆಯಲ್ಲಿ ಕಟ್ಟಿದ ಒಂದು ಕಿಟ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಂಘಟಕರು ಹೇಳಿದ್ದರು. ನನ್ನ ಹೊಟ್ಟೆಪಾಡು ಅದೇ, ನಿಜ. ಆದರೆ ಇಲ್ಲಿ ಬೈಕ್ ಇಲ್ಲದ ಮನೆ ಕಡಿಮೆ; ಹಾಗಾಗಿ ಇವತ್ತು ಬೈಕಿನ ಶಾಕಪ್ ಬಗ್ಗೆ ಮಾತಾಡುತ್ತೇನೆ.

ನಮ್ಮ ಕಾಕಾ ದಿನಾ ನಸುಕಿನಲ್ಲಿ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗುತ್ತಾರೆ. ಊರು ಬಿಡುವಾಗ ಗಾಡಿ ಸರಿ ಇರುತ್ತಿತ್ತು. ಅರ್ಧ ದಾರಿಗೆ ಹಿಂದಿನ ಗಾಲಿ ಕುಣಿಯಲು ಶುರು. ತಣ್ಣಗಿದ್ದಾಗ ಚಲೋ, ಬಿಸಿಯಾದ ಮೇಲೆ ಕೆಟ್ಟದ್ದು: ಇದು ಗ್ಯಾಸ್ ಇಳಿದಿದೆ ಎಂಬುದರ ಗುರುತು.

ಶಾಕಪ್ ಒಳಗೆ ಎಣ್ಣೆ ಇರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಓಡಿದಾಗ ಸಣ್ಣ ತೂತುಗಳಿಂದ ಎಣ್ಣೆ ನುಗ್ಗಬೇಕು. ಆ ತಡೆಯೇ ಗಾಡಿಯ ಕುಣಿತವನ್ನು ನಿಲ್ಲಿಸುವುದು. ಎಣ್ಣೆಯಲ್ಲಿ ಗಾಳಿ ಬೆರೆತರೆ, ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ನೊರೆಗೆ ತಡೆಯುವ ಶಕ್ತಿ ಎಲ್ಲಿಯದು? ಎಣ್ಣೆಯನ್ನು ಸದಾ ಒತ್ತಿ ಹಿಡಿದರೆ ನೊರೆ ಏಳುವುದಿಲ್ಲ ಎಂದು 1950ರ ದಶಕದಲ್ಲಿ ಫ್ರಾನ್ಸಿನ ಡಿ ಕಾರ್ಬನ್ ಎಂಬ ಎಂಜಿನಿಯರ್ ದಾರಿ ತೋರಿಸಿದರು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಒತ್ತಡದ ನೈಟ್ರೋಜನ್, ನಡುವೆ ತೇಲುವ ಒಂದು ಪಿಸ್ಟನ್. ಪಲ್ಸರ್ ಗಾಡಿಯ ಶಾಕಪ್ಪಿಗೆ ಅಂಟಿಕೊಂಡ ಡಬ್ಬಿಯ ಮೇಲೆ ‘ನೈಟ್ರಾಕ್ಸ್’ ಎಂದು ಬರೆದಿರುವುದನ್ನು ನೀವು ನೋಡಿರಬಹುದು.

ಈ ನೈಟ್ರೋಜನ್ ನಮಗೆ ಹೊಸದಲ್ಲ. ಎಮ್ಮೆಗೆ ಇಂಜೆಕ್ಷನ್ ಮಾಡಿಸಲು ಬರುವ ದನದ ಡಾಕ್ಟರ ಕ್ಯಾನಿನಿಂದ ಹೊಗೆಯಂತೆ ಏಳುತ್ತದಲ್ಲ, ಅದರೊಳಗೆ ಇರುವುದು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್. ಅದನ್ನು ಮಾತ್ರ ಯಾವ ಮುಚ್ಚಿದ ಡಬ್ಬಿಗೂ ಹಾಕಬೇಡಿ. ಆವಿಯಾದರೆ ಸುಮಾರು 700 ಪಟ್ಟು ಹಿಗ್ಗುತ್ತದೆ, ಡಬ್ಬಿ ಬಾಂಬ್ ಆಗುತ್ತದೆ.

ಕಾಕಾನ ಶಾಕಪ್‌ಗೆ ಪುಣ್ಯಕ್ಕೆ ವಾಲ್ವ್ ಇತ್ತು. ಅನೇಕ ಗಾಡಿಗಳ ಡಬ್ಬಿಗೆ ವಾಲ್ವ್ ಇರುವುದಿಲ್ಲ. ಅವನ್ನು ಕೊರೆದು ವೆಲ್ಡ್ ಮಾಡುವ ಸಾಹಸಕ್ಕೆ ನಾನು ಕೈ ಹಾಕುವುದಿಲ್ಲ. ರಾಡಿನ ಮೇಲೆ ಎಣ್ಣೆ ಜಿನುಗುತ್ತಿದ್ದರೂ ಗ್ಯಾಸ್ ತುಂಬುವುದು ದಂಡ, ಮೊದಲು ಸೀಲ್ ಬದಲಿಸಬೇಕು.

ಕಿಟ್ಟಿನ ಸಾಮಾನು ಹುಬ್ಬಳ್ಳಿಯಲ್ಲಿ ಸಿಕ್ಕಿತು. ಫ್ರಿಜ್, ಏಸಿ ರಿಪೇರಿಯವರು ಪೈಪ್ ಸೋರುವುದನ್ನು ನೋಡಲು ನೈಟ್ರೋಜನ್ನೇ ಬಳಸುತ್ತಾರೆ. ಅವರ ಹತ್ತಿರ ಬಾಡಿಗೆಗೆ ಸಣ್ಣ ಸಿಲಿಂಡರ್, ರೆಗ್ಯುಲೇಟರ್, ಗಟ್ಟಿ ಹೋಸ್ ಸಿಕ್ಕವು. ಶಾಕಪ್‌ಗೆ ಬೇಕಾದದ್ದು ಸುಮಾರು 10 ಬಾರ್, ಅಂದರೆ ಬೈಕ್ ಟೈರಿನ ನಾಲ್ಕೈದು ಪಟ್ಟು. ತುಂಬಿದ ಸಿಲಿಂಡರಿನಲ್ಲಿ 150 ಬಾರ್ ಹತ್ತಿರ ಇರುತ್ತದೆ. ನಡುವೆ ರೆಗ್ಯುಲೇಟರ್ ಇಲ್ಲದೆ ಮುಟ್ಟಲೇಬಾರದು.

ಇದನ್ನೆಲ್ಲ ನೋಡುತ್ತ ಕೂತ ಕಾಕಾ ಅಂದರು: “ಅಲ್ಲೋ ತಮ್ಮಾ, ಗ್ಯಾಸ್ ಅಂದ್ರ ಗ್ಯಾಸ್. ವೆಲ್ಡಿಂಗ್ ಅಂಗಡ್ಯಾಗ ಸಿಲಿಂಡರ್ ಐತಿ, ಅಲ್ಲೇ ತುಂಬಿಸಿದ್ರ ಆತಲ್ಲ?” ಬಹಳ ಮಂದಿ ಹೀಗೇ ಯೋಚಿಸುತ್ತಾರೆ, ಈ ಭಾಷಣಕ್ಕೆ ಅದೇ ಕಾರಣ. ವೆಲ್ಡಿಂಗ್ ಅಂಗಡಿಯದು ಆಕ್ಸಿಜನ್. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಕಿಡಿಯೇ ಇಲ್ಲದೆ ಸಿಡಿಯಬಹುದು. ಶಾಕಪ್ ತುಂಬ ಎಣ್ಣೆಯೇ! ಆಕ್ಸಿಜನ್ ಸಿಲಿಂಡರಿನ ಮೈ ಕಪ್ಪು. ನೈಟ್ರೋಜನ್ನಿನ ಮೈ ಬೂದು, ಕುತ್ತಿಗೆ ಕಪ್ಪು. ಹುಡುಗರೇ, ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಅಪ್ಪನಿಗೂ ಹೇಳಿ.

ಇನ್ನು ನನಗೆ ಬಹಳ ರುಚಿಸಿದ ಭಾಗ. ಗ್ಯಾಸಿನ ಕೋಣೆ ತೀರ ಸಣ್ಣದು, 40 ಮಿಲಿಲೀಟರ್ ಎಂದುಕೊಳ್ಳಿ. ಹೋಸ್ ಮತ್ತು ಗೇಜಿನೊಳಗೆ 8 ಮಿಲಿಲೀಟರ್ ಜಾಗ. ಒತ್ತಡ ಎಷ್ಟಿದೆ ನೋಡೋಣ ಎಂದು ಗೇಜ್ ಸಿಕ್ಕಿಸಿದರೆ, ಗ್ಯಾಸ್ ಹೋಸಿಗೂ ಹರಿದು 10 ಬಾರ್ ಇದ್ದದ್ದು 8.3ಕ್ಕೆ ಇಳಿಯುತ್ತದೆ. ನೋಡಿದ್ದೇ ತಪ್ಪಾಯಿತು! ಲೆಕ್ಕ ಬಾಯ್ಲನ ನಿಯಮದ್ದು. ಹೊರಗಿನ ವಾತಾವರಣದ ಒಂದು ಬಾರ್ ಕೂಡಿಸಿ ಮಾಡಿದರೆ ನಿಮಗೂ ಇದೇ ಉತ್ತರ ಬರುತ್ತದೆ. ಟೈರಿನಲ್ಲಿ ಗಾಳಿ ಲೀಟರುಗಟ್ಟಲೆ ಇರುವುದರಿಂದ ಅಲ್ಲಿ ಈ ತೊಂದರೆ ಕಾಣುವುದಿಲ್ಲ.

ಉಪಾಯ ಸರಳ. ವಾಲ್ವಿನ ಕಡ್ಡಿಯನ್ನು ಒತ್ತಲು ಹೋಸಿನ ತುದಿಯಲ್ಲಿ ತಿರುಗುವ ಒಂದು ಪಿನ್ ಇದೆ. ಪಿನ್ ಹಿಂದೆ ಇಟ್ಟುಕೊಂಡೇ ಹೋಸ್ ಬಿಗಿದು, ಹೋಸಿನಲ್ಲಿ 10 ಬಾರ್ ತುಂಬಬೇಕು. ಆಮೇಲೆ ಪಿನ್ ಮುಂದೆ ತಿರುಗಿಸಬೇಕು. ಮುಳ್ಳು ಅಲ್ಲಾಡದಿದ್ದರೆ ಒಳಗೂ ಹತ್ತೇ ಇದೆ. ಮುಗಿದ ಮೇಲೆ ಪಿನ್ ಹಿಂದಕ್ಕೆ ತಿರುಗಿಸಿ, ಹೋಸಿನ ಗ್ಯಾಸನ್ನು ಹೊರಗೆ ಬಿಟ್ಟು, ನಂತರ ಬಿಚ್ಚಬೇಕು. ಕಣ್ಣಿಗೆ ಕನ್ನಡಕ ಇರಲಿ, ಮುಖ ವಾಲ್ವಿನ ಎದುರು ಬೇಡ.

ಕಾಕಾನ ಗಾಡಿ ಈಗ ಲಕ್ಷ್ಮೇಶ್ವರದ ತನಕ ಒಂದೇ ಸಮ ಹೋಗುತ್ತದೆ. “ಮೊದಲಿಗಿಂತ ಬಿರುಸಾತು” ಎಂಬ ತಕರಾರು ಇದೆ. ಮುಂದಿನ ಸಲ 9 ಬಾರ್‌ಗೆ ಇಳಿಸಿ ನೋಡುತ್ತೇನೆ.

ಹೆಡ್‌ಮಾಸ್ಟರ್ ಸರ್ ಒಪ್ಪಿದ್ದಾರೆ, ಹಾಗಾಗಿ ಇಂಥದ್ದೇ ಒಂದು ಗೇಜ್, ಹೋಸ್ ಮತ್ತು ಕೈಪಂಪನ್ನು ವಿಜ್ಞಾನದ ಕೋಣೆಗೆ ಕೊಟ್ಟು ಹೋಗುತ್ತಿದ್ದೇನೆ. 10ನೇ ತರಗತಿಯವರು ಕಡಿಮೆ ಒತ್ತಡದಲ್ಲಿ ಬಾಯ್ಲನ ಲೆಕ್ಕ ಅಳೆದು ನೋಡಲಿ. ಸಿಲಿಂಡರ್ ಮಾತ್ರ ನಾಳೆ ಹುಬ್ಬಳ್ಳಿಗೆ ವಾಪಸ್ ಹೋಗುತ್ತದೆ.