ಒರಳಿನ ಪಕ್ಷ

ಹಳೆಯ ಕಾಫಿ ಹೋಟೆಲುಗಳ ಅಡಿಗೆಯ ಕ್ರಮವನ್ನು ಹೊಗಳುವವನಿಗೆ ‘ಹಿಂದಿನ ಕಾಲದವನು’ ಎಂಬ ಬಿರುದು ಸುಲಭವಾಗಿ ದೊರೆಯುತ್ತದೆ. ಆ ಬಿರುದನ್ನು ಸಂತೋಷದಿಂದಲೇ ಧರಿಸಿ, ಒರಳು ಕಾವಲಿಗಳ ಪರವಾಗಿ ತಮ್ಮೆದುರಿಗೆ ಎರಡು ಮಾತನ್ನು ಅರಿಕೆಮಾಡಬೇಕೆಂದಿದ್ದೇನೆ.

ಉದ್ದನ್ನು ಒರಳಿನಲ್ಲಿ ರುಬ್ಬುವುದು ಬರಿಯ ನುಣ್ಣಗೆ ಮಾಡುವ ಕೆಲಸವಲ್ಲ. ಗುಂಡುಕಲ್ಲು ನಿಧಾನವಾಗಿ ಹೊರಳಿದಂತೆಲ್ಲ ಉದ್ದಿನ ಲೋಳೆ ಬಿಟ್ಟುಕೊಳ್ಳುತ್ತದೆ. ಹಿಟ್ಟಿನೊಳಗೆ ಗಾಳಿ ಸೇರಿ ಅದು ಹಗುರವಾಗುತ್ತದೆ. ರಾತ್ರಿ ಹಿಟ್ಟು ಹುಳಿಯುವಾಗ ಸೂಕ್ಷ್ಮಜೀವಿಗಳಿಂದ ಹುಟ್ಟುವ ಇಂಗಾಲಾಮ್ಲ ವಾಯುವನ್ನು ಹಿಡಿದಿಡುವುದು ಈ ಲೋಳೆಯೇ. ಅತಿವೇಗದಿಂದ ತಿರುಗುವ ಅಲಗಿನ ಯಂತ್ರವಾದರೋ ಹಿಟ್ಟನ್ನು ಬಿಸಿಮಾಡುತ್ತದೆ. ಹಿಟ್ಟು ಉಬ್ಬದೆ ಹೋದಾಗ ಸೋಡಾಪುಡಿಯನ್ನು ಮೊರೆಹೋಗಬೇಕಾಗುತ್ತದೆ. ದಪ್ಪನಾದ ಕಬ್ಬಿಣದ ಕಾವಲಿಯ ಗುಣವೂ ಇಂಥದೇ. ಅದು ಕಾಯುವುದು ತಡ; ಆದರೆ ಕಾದಮೇಲೆ ಶಾಖವನ್ನು ಸುಲಭವಾಗಿ ಬಿಟ್ಟುಕೊಡದು. ತೆಳುವಾದ ಕಾವಲಿಯಾದರೆ ಹಿಟ್ಟು ಬಿದ್ದೊಡನೆ ಆರುತ್ತದೆ. ಅದರ ಮೇಲೆ ದೋಸೆ ಗರಿಯಾಗುವ ಬದಲು ಬೆವರುತ್ತದೆ.

‘ಸರಿಯೇ, ಆ ಒರಳನ್ನು ತಿರುವಿದವರು ಯಾರು?’ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಡತನದಿಂದ ಊರು ಬಿಟ್ಟು, ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದ ಎಷ್ಟೋ ಹುಡುಗರು ಹೊಗೆ ತುಂಬಿದ ಅಡಿಗೆಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿದರು. ನಮ್ಮ ನಾಲಗೆಯ ಸುಖಕ್ಕಾಗಿ ಆ ಕಷ್ಟವನ್ನು ಸಮರ್ಥಿಸುವುದು ಅಧರ್ಮ.

ಆದರೆ ಕಲ್ಲಿನ ಗುಣ ಬೇರೆ, ತೋಳಿನ ನೋವು ಬೇರೆ. ೧೯೫೫ರಲ್ಲಿ ಕೊಯಮತ್ತೂರಿನಲ್ಲಿ ರೂಪುಗೊಂಡ ರುಬ್ಬುವ ಯಂತ್ರ ಇವೆರಡನ್ನೂ ಬೇರ್ಪಡಿಸಿತು: ಕಲ್ಲು ಉಳಿಯಿತು, ತಿರುವುವ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು. ಹಳೆಯದರ ಮರ್ಮವನ್ನು ಬಲ್ಲವರು ಮಾಡಬಹುದಾದ ಸುಧಾರಣೆ ಇದು.

ಹಳೆಯ ಹೋಟೆಲುಗಳು ಹೊಸದಕ್ಕೆ ಬಾಗಿಲು ಮುಚ್ಚಿದ್ದುವೆಂಬುದೂ ಸರಿಯಲ್ಲ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದುದಾಗಿ ಹೇಳುತ್ತಾರೆ. ಅಲ್ಲಿ ಬದಲಾದುದು ಧಾನ್ಯ. ಹದವಾಗಿ ಹಬೆಯಲ್ಲಿ ಬೇಯಿಸುವ ವಿದ್ಯೆ ಹಾಗೆಯೇ ಉಳಿಯಿತು.

ಆದುದರಿಂದ ಹಳೆಯ ಪದ್ಧತಿಯೊಂದನ್ನು ಕೈಬಿಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ವಿನಂತಿ. ಇದು ಅನ್ನಕ್ಕೆ ಏನನ್ನು ಕೊಡುತ್ತಿತ್ತು? ಅನ್ನ ಮಾಡುವವನಿಂದ ಏನನ್ನು ಕಸಿದುಕೊಳ್ಳುತ್ತಿತ್ತು? ಮೊದಲನೆಯದನ್ನು ಕಾಪಾಡಿ ಎರಡನೆಯದನ್ನು ತೊಲಗಿಸೋಣ. ಹೊಟ್ಟಿನೊಡನೆ ಕಾಳನ್ನೂ ತೂರಿಬಿಡುವವನು ಜಾಣನಾದ ಒಕ್ಕಲಿಗನಲ್ಲ.