ನೀರಡಿಕೆಯೂ ಸೋಡಾ ಶೀಷೆಯೂ

ಭೀಮಾ ನದಿಯ ಬಯಲಿನ ಬೇಸಗೆಯು ಮೈಸೂರು ಬೆಂಗಳೂರುಗಳಲ್ಲಿ ಬಾಳುವವರ ಊಹೆಗೆ ಸುಲಭವಾಗಿ ನಿಲುಕುವಂಥದಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಬಹುಮಟ್ಟಿಗೆ ಕಪ್ಪು ಎರೆಯ ನೆಲ. ಜೋಳ ತೊಗರಿಗಳ ಸೀಮೆ. ಮರದ ನೆರಳು ಕಡಮೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ವಿಶೇಷವೇನೂ ಅಲ್ಲ. ಆ ಕಾಲದಲ್ಲಿ ಸರ್ಕಾರಿ ಕಚೇರಿಗಳು ಬೆಳಗಿನ 8 ಗಂಟೆಗೆ ಆರಂಭವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುವ ವಾಡಿಕೆಯೇ ಉಂಟು. ಇಂಥ ಬಿಸಿಲಿನಲ್ಲಿ ಗಾಣಗಾಪುರದ ಸಂಗಮಕ್ಕೆ ಬಂದ ಯಾತ್ರಿಕನಾಗಲಿ, ಆಳಂದದ ಲಾಡ್ಲೆ ಮಶಾಯಿಕರ ದರ್ಗಾಕ್ಕೆ ನಡೆದುಬಂದ ಭಕ್ತನಾಗಲಿ, ಜೇವರ್ಗಿಯ ನಿಲ್ದಾಣದಲ್ಲಿ ಬಸ್ಸಿಗೆ ಕಾದು ನಿಂತ ರೈತನಾಗಲಿ ಎದುರಿನ ಅಂಗಡಿಯ ಕಡೆಗೆ ಕೈಚಾಚಿ ಒಂದು ತಂಪು ಸೋಡಾ ಶೀಷೆಯನ್ನು ಕೇಳಿದರೆ ಆಶ್ಚರ್ಯವೇನು? ಆ ಕೈಯನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅದಕ್ಕೆ ಬೇರೆ ಏನನ್ನು ಕೊಡಬಹುದೆಂಬುದೇ ಈ ಹೊತ್ತಿನ ವಿಚಾರ.

ಮೊದಲು ಶೀಷೆಯೊಳಗೆ ಏನಿದೆಯೆಂಬುದನ್ನು ನೋಡೋಣ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿದ್ವಾಂಸನು 1767ರಲ್ಲಿ ನೀರಿನೊಳಗೆ ಇಂಗಾಲಾಮ್ಲ ವಾಯುವನ್ನು ಸೇರಿಸುವ ಬಗೆಯನ್ನು ಕಂಡುಕೊಂಡನು. 1872ರಲ್ಲಿ ಹೈರಮ್ ಕಾಡ್ ಎಂಬಾತನು ಗಾಜಿನ ಗೋಲಿಯಿಂದ ಬಾಯಿ ಮುಚ್ಚುವ ಶೀಷೆಗೆ ಹಕ್ಕುಪತ್ರ ಪಡೆದನು. ನಮ್ಮ ಗೋಲಿ ಸೋಡಾದ ಶೀಷೆ ಅದೇ. ನೀರೂ ವಾಯುವೂ ಮಾತ್ರ ಇರುವ ಈ ಸಾದಾ ಸೋಡಾದಿಂದ ಆರೋಗ್ಯವಂತರಿಗೆ ಹೇಳಿಕೊಳ್ಳುವಂಥ ಕೇಡೇನೂ ಇಲ್ಲ. ಕೇಡು ಬಂದದ್ದು ಬಣ್ಣದ ಸಿಹಿ ಸೋಡಾದಿಂದ. ಸಾಮಾನ್ಯವಾದ ಕೋಲಾ ಪಾನೀಯದ 300 ಮಿಲಿಲೀಟರಿನಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ಎಂದರೆ ಎಂಟು ಸಣ್ಣ ಚಮಚೆ. ದಿನಕ್ಕೊಂದು ಶೀಷೆ ಕುಡಿದವನು ತಿಂಗಳು ತುಂಬುವಷ್ಟರಲ್ಲಿ ಹೆಚ್ಚುಕಡಮೆ ಒಂದು ಕಿಲೋಗ್ರಾಂ ಸಕ್ಕರೆಯನ್ನು ಅರಿವಿಲ್ಲದೆಯೇ ನುಂಗಿರುತ್ತಾನೆ. ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸಗಳಿಂದ ಬರುವ ಸಿಹಿಯು ದಿನದ ಆಹಾರಶಕ್ತಿಯಲ್ಲಿ ನೂರಕ್ಕೆ 10 ಪಾಲನ್ನು ಮೀರಕೂಡದೆಂದೂ, 5 ಪಾಲಿಗಿಂತ, ಎಂದರೆ ಸುಮಾರು 25 ಗ್ರಾಮಿಗಿಂತ ಕಡಮೆಯಾದರೆ ಇನ್ನೂ ಮೇಲೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಒಂದೇ ಶೀಷೆ ಈ ಎರಡನೆಯ ಗಡಿಯನ್ನು ದಾಟಿಸಿಬಿಡುತ್ತದೆ. ಸಕ್ಕರೆಯಿಲ್ಲದ ಸೋಡಾಗಳೂ ಉಂಟಲ್ಲ ಎನ್ನುವವರಿಗೆ ಒಂದು ಮಾತು: ಮೈತೂಕ ಕಾಪಾಡಿಕೊಳ್ಳಲು ಕೃತಕ ಸಿಹಿಗಳನ್ನು ನಂಬಬೇಡಿರೆಂದು ಅದೇ ಸಂಸ್ಥೆಯು 2023ರಲ್ಲಿ ಹೇಳಿದೆ.

ಇಷ್ಟನ್ನು ಬಲ್ಲ ವಿದ್ಯಾವಂತರೂ ಸೋಡಾವನ್ನು ಬಿಡಲಾರರು. ಏಕೆಂದರೆ “ಕುಡಿಯಬೇಡ” ಎಂಬ ಮಾತಿನಿಂದ ನಾಲಗೆಗೆ ಏನೂ ದೊರೆಯುವುದಿಲ್ಲ. ಬಿಟ್ಟವನ ಮುಂದೆ ಸಪ್ಪೆ ನೀರಿನ ಲೋಟವನ್ನು ಇಟ್ಟರೆ ಅವನು ಮೂರನೆಯ ದಿನ ಮತ್ತೆ ಅಂಗಡಿಗೆ ಹೋಗುತ್ತಾನೆ. ಸೋಡಾದ ಆಸೆಯು ಒಂದೇ ಆಸೆಯೆಂದು ನಾವು ಭಾವಿಸಿರುವುದೇ ಇದಕ್ಕೆ ಕಾರಣ. ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಆಸೆಗಳಿವೆ: ತಂಪು, ನಾಲಗೆಗೆ ತಾಗುವ ಚುರುಕು, ಹುಳಿಸಿಹಿಯ ರುಚಿ, ಅತಿಥಿಗೆ ಸಲ್ಲುವ ಮರ್ಯಾದೆ. ಒಂದೊಂದಕ್ಕೂ ಆ ಸೀಮೆಯಲ್ಲಿಯೇ ಉತ್ತರವುಂಟು.

ತಂಪಿನ ಮಾತು ಮೊದಲು. ಹೊಸ ಮಣ್ಣಿನ ಗಡಿಗೆಯ ಮೈಯಿಂದ ನೀರು ಸಣ್ಣಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗುವುದಕ್ಕೆ ಸುಮಾರು 580 ಕೆಲೊರಿ ಶಾಖ ಬೇಕು. ಅದರಲ್ಲಿ ಬಹುಪಾಲು ಒಳಗಿನ ನೀರಿನಿಂದಲೇ ಹೊರಡುವುದರಿಂದ ಆ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಈ ಕೆಲಸ ಚೆನ್ನಾಗಿ ನಡೆಯುವುದು. ಕರಾವಳಿಯ ತೇವದ ಗಾಳಿಯಲ್ಲಿ ಸೋಲುವ ಗಡಿಗೆ ಅಫಜಲಪುರದ ಒಣಬಿಸಿಲಿನಲ್ಲಿ ಗೆಲ್ಲುತ್ತದೆ. ಗಡಿಗೆಯನ್ನು ಗಾಳಿಯಾಡುವ ನೆರಳಿನಲ್ಲಿ ಮರಳಿನ ಮೇಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಬಾಯಿ ಮುಚ್ಚಿಟ್ಟರೆ ಸಾಕು. ಆ ನೀರಿನಲ್ಲಿ ಕಲಸಿದ ಯಾವ ಪಾನೀಯಕ್ಕೂ ಮಂಜುಗಡ್ಡೆ ಅವಶ್ಯವಿಲ್ಲ.

ಎರಡನೆಯದು ಚುರುಕು. ಸೋಡಾದ ಕಚಗುಳಿ ಗುಳ್ಳೆ ಒಡೆಯುವುದರಿಂದ ಮಾತ್ರ ಬರುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ನಾಲಗೆಯಲ್ಲಿ ಹುಳಿಯನ್ನು ಅರಿಯುವ ಕಣಗಳೇ ಇಂಗಾಲಾಮ್ಲ ವಾಯುವಿನ ರುಚಿಯನ್ನೂ ಅರಿಯುತ್ತವೆಂದು 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲಣ ಪರೀಕ್ಷೆಯಿಂದ ತೋರಿಸಿದರು. ಹಾಗಾದರೆ ಸೋಡಾ ಬೇಡುವ ನಾಲಗೆ ಒಂದು ಮಟ್ಟಿಗೆ ಹುಳಿಯನ್ನೇ ಬೇಡುತ್ತಿದೆಯೆಂದು ಊಹಿಸಬಹುದಲ್ಲವೆ? ಅಫಜಲಪುರಕ್ಕೆ ನೆರೆಯ ಇಂಡಿ ತಾಲ್ಲೂಕು ಲಿಂಬೆಗೆ ಹೆಸರಾದ ಸೀಮೆ. ಬಿಡಲಾರದವರು ಮೊದಲ ಕೆಲವು ವಾರ ಸಾದಾ ಸೋಡಾಕ್ಕೇ ಲಿಂಬೆಯ ರಸ, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ ಬೆರಸಿ ಸಕ್ಕರೆಯಿಲ್ಲದೆ ಕುಡಿಯಲಿ. ಗುಳ್ಳೆಯೂ ಉಳಿಯುತ್ತದೆ, ಹುಳಿಯೂ ಸಿಕ್ಕುತ್ತದೆ. ಎಂಟು ಚಮಚೆ ಸಕ್ಕರೆ ಮಾತ್ರ ತಪ್ಪುತ್ತದೆ. ಅನಂತರ ಸೋಡಾದ ಬದಲು ಗಡಿಗೆಯ ನೀರು ಹಾಕಿದರೂ ನಾಲಗೆ ಅಷ್ಟಾಗಿ ದೂರುವುದಿಲ್ಲ.

ಮೂರನೆಯದಾದ ಹುಳಿಸಿಹಿಯ ವಿಷಯದಲ್ಲಿ ಈ ಸೀಮೆ ನಿಜಕ್ಕೂ ಶ್ರೀಮಂತ. ಯುಗಾದಿಯ ದಿನ ನಾವು ಹಳೆಯ ಮೈಸೂರಿನ ಕಡೆ ಬೇವುಬೆಲ್ಲವನ್ನು ತಿನ್ನುತ್ತೇವೆ. ಕಲಬುರಗಿಯ ಕಡೆ ಬೇವನ್ನು ಕುಡಿಯುತ್ತಾರೆ. ಹೊಸ ಗಡಿಗೆಯಲ್ಲಿ ಹುಣಸೆಯ ರಸ, ಬೆಲ್ಲ, ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಬೇವಿನ ಹೂವು ಇವನ್ನು ಕೂಡಿಸಿ ಮಾಡಿದ ಪಾನಕವದು. ಹುಳಿ, ಸಿಹಿ, ಕಹಿ ಮೂರೂ ಒಂದೇ ಗುಟುಕಿನಲ್ಲಿ ಬರುವ ಅದರ ಮುಂದೆ ಬಣ್ಣದ ಸೋಡಾದ ರುಚಿ ಬಡವಾಗಿ ಕಾಣುತ್ತದೆ. ಇದನ್ನು ಹಬ್ಬದ ಒಂದೇ ದಿನಕ್ಕೆ ಮೀಸಲಿಟ್ಟು ಮರುದಿನದಿಂದ ಶೀಷೆಗೆ ಮರಳುವುದು ವಿವೇಕವೆ? ಬೆಲ್ಲವನ್ನು ಕಡಮೆ ಮಾಡಿ ತೆಳ್ಳಗೆ ಕಲಸಿದರೆ ಬೇಸಗೆಯ ಉದ್ದಕ್ಕೂ ನಡೆಯುತ್ತದೆ. ಬೇಯಿಸಿದ ಮಾವಿನಕಾಯಿಯ ತಿರುಳಿಗೆ ಜೀರಿಗೆ ಉಪ್ಪು ಬೆರಸಿದ ಪಾನಕವೂ, ನೆನೆದ ಕಾಮಕಸ್ತೂರಿ ಬೀಜ ಹಾಕಿದ ಶರಬತ್ತೂ ಇದೇ ಜಾತಿಯವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮದೆಂಬ ಅಭಿಮಾನದಿಂದ ಎಲ್ಲವನ್ನೂ ಒಳ್ಳೆಯದೆನ್ನಬಾರದು. ಬೆಲ್ಲವೂ ಸಕ್ಕರೆಯೇ. ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಅಲ್ಲಿಗೆ ಹೊಸದಲ್ಲ. ದಾರಿಯ ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ರುಚಿಯಾದದ್ದು ನಿಜ. ಆದರೆ ಅದರ ಸಕ್ಕರೆ ಸೋಡಾದ ಸಕ್ಕರೆಗಿಂತ ಕಡಮೆಯಲ್ಲ. ಅದನ್ನು ಎಂದಾದರೊಮ್ಮೆ ಸವಿಯೋಣ. ನಿತ್ಯದ ಬದಲಿಯೆಂದು ಹಿಡಿಯುವುದು ಬೇಡ. ಸಿಹಿಮೂತ್ರದ ರೋಗವುಳ್ಳವರು ಸಿಹಿ ಪಾನಕಗಳನ್ನೂ, ರಕ್ತದ ಒತ್ತಡವುಳ್ಳವರು ಹೆಚ್ಚಿನ ಉಪ್ಪನ್ನೂ ದೂರವಿಡಬೇಕು.

ದಿನಬಳಕೆಗೆ ನಿಲ್ಲುವಂಥವು ಮಜ್ಜಿಗೆ ಮತ್ತು ಅಂಬಲಿ. ನೀರುಮಜ್ಜಿಗೆಯಲ್ಲಿ ಬೆವರಿನಿಂದ ಹೋದ ನೀರೂ ಉಪ್ಪೂ ಮರಳಿ ಬರುತ್ತವೆ, ಅದರಲ್ಲಿ ಹುಳಿಯಿದೆ, ಶುಂಠಿ ಹಸಿಮೆಣಸಿನಕಾಯಿಗಳಿಂದ ಚುರುಕೂ ಬರುತ್ತದೆ. ಅಂಬಲಿಯಂತೂ ಜೋಳದ ನಾಡಿನ ಸ್ವಂತ ಸೊತ್ತು. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿ ರಾತ್ರಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಮೆಲ್ಲಗೆ ಹುಳಿಯೇರುತ್ತದೆ. ಮಜ್ಜಿಗೆ ಉಪ್ಪು ಬೆರಸಿ ಹೆಚ್ಚಿದ ಉಳ್ಳಾಗಡ್ಡಿಯೊಡನೆ ಕುಡಿದವನಿಗೆ ನೀರಡಿಕೆಯೂ ಹಸಿವೂ ಒಟ್ಟಿಗೆ ತೀರುತ್ತವೆ. ಸೋಡಾ ಕುಡಿದ ಅರ್ಧ ಗಂಟೆಯೊಳಗೆ ಮತ್ತೆ ಬಾಯಿ ಒಣಗುವುದನ್ನು ಬಲ್ಲವರು ಈ ಎರಡರ ಅಂತರವನ್ನು ತಾವೇ ಅಳೆಯಬಲ್ಲರು.

ಕೊನೆಯದು ಮರ್ಯಾದೆ. ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ನಗರದಿಂದ ನಾವು ಹಳ್ಳಿಯ ನೆಂಟರ ಮನೆಗೆ ಹೋದಾಗ, ಒಳಗೆ ಮಜ್ಜಿಗೆಯ ಗಡಿಗೆ ಇದ್ದರೂ ಮನೆಯವರು ಹುಡುಗನನ್ನು ಅಂಗಡಿಗೆ ಓಡಿಸಿ ಶೀಷೆ ತರಿಸುತ್ತಾರೆ. ಮಜ್ಜಿಗೆ ಬಡತನದ ಗುರುತೆಂದೂ ಶೀಷೆ ಸತ್ಕಾರದ ಗುರುತೆಂದೂ ಅವರಿಗೆ ಕಲಿಸಿದವರು ನಾವೇ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನೇ ಬಯಸಿ ಸವಿದನೆಂಬ ಕಥೆಯನ್ನು ಹೇಳಿಕೊಂಡು ಬಂದ ನಾಡು ಇದು. ದಾರಿಹೋಕರಿಗೆ ಅರವಟ್ಟಿಗೆಯನ್ನಿಟ್ಟು ನೀರೆರೆಯುವುದನ್ನು ಪುಣ್ಯವೆಂದು ಎಣಿಸಿದ ನಾಡೂ ಹೌದು.

ಇನ್ನೊಂದು ತೊಡಕನ್ನೂ ಮರೆಯುವಂತಿಲ್ಲ. ಊರಿನ ನೀರು ಸವಳೆಂದೋ ಹೊಲಸೆಂದೋ ಹೆದರಿ ಮುಚ್ಚಳವಿರುವ ಶೀಷೆಯನ್ನು ಕೊಳ್ಳುವವರಿದ್ದಾರೆ. ಈ ಹೆದರಿಕೆಯನ್ನು ಉಪದೇಶದಿಂದ ಕಳೆಯಲಾಗದು. ಕುದಿಸಿ ಆರಿಸಿದ ನೀರು ಕ್ರಿಮಿಗಳ ಭಯವನ್ನು ಕಳೆಯುತ್ತದೆ, ಸವಳನ್ನು ಕಳೆಯಲಾರದು. ಆದ್ದರಿಂದ ಬಸ್ ನಿಲ್ದಾಣ, ಸಂತೆ, ಯಾತ್ರಾಸ್ಥಳಗಳಲ್ಲಿ ಶುದ್ಧವಾದ ಕುಡಿಯುವ ನೀರು ಬೆಲೆಯಿಲ್ಲದೆ ದೊರೆಯುವಂತೆ ಮಾಡುವುದು ಪುರಸಭೆ ಪಂಚಾಯಿತಿಗಳ ಕರ್ತವ್ಯ. ನೀರು ಕೊಡದೆ ಸೋಡಾ ಬಿಡಿರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಕೈಯಲ್ಲಿರುವ ಕೆಲಸ ಚಿಕ್ಕದು. ಮುಂದಿನ ಬೇಸಗೆಯಲ್ಲಿ ಆಳಂದಕ್ಕೋ ಜೇವರ್ಗಿಗೋ ಹೋದಾಗ ಶೀಷೆ ತರಲು ಹೊರಟ ಹುಡುಗನನ್ನು ಬಾಗಿಲಲ್ಲಿಯೇ ತಡೆದು, “ಅಮ್ಮಾ, ಮಜ್ಜಿಗೆ ಇದ್ದರೆ ಅದನ್ನೇ ಕೊಡಿರಿ” ಎಂದು ನಾವಾಗಿ ಕೇಳೋಣ. ಕೇಳಿ, ಕುಡಿದು, ಇನ್ನೊಂದು ಲೋಟ ಬೇಡೋಣ. ಅತಿಥಿಯು ಎರಡನೆಯ ಸಲ ಬೇಡಿದ ಪಾನೀಯವನ್ನು ಯಾವ ಮನೆಯವರೂ ಕೀಳೆಂದು ತಿಳಿಯಲಾರರು.